ಹೊಲಿಗೆ ಬರುತ್ತಾ?

“ಹೊಸಬರು ಯಾರೂ ಬರುತ್ತಿಲ್ಲವಾದ್ದರಿಂದ ಈ ಸಂಘವನ್ನು ಇಂದಿಗೆ ಮುಚ್ಚತಕ್ಕದ್ದು” ಎಂದು ಮೇಷ್ಟ್ರು ಠರಾವು ಓದುತ್ತಿರುವಾಗಲೇ ಯಾರೋ ಬಾಗಿಲು ತಟ್ಟಿದರು. ಒಳಗಿದ್ದ ನಾಲ್ವರೂ ಬಾಗಿಲಿನತ್ತ ತಿರುಗಿದರು.

ಗಂಡಸನ್ನು ಪ್ರೀತಿಸುವ ಗಂಡಸರು, ಹೆಂಗಸನ್ನು ಪ್ರೀತಿಸುವ ಹೆಂಗಸರು ವಾರಕ್ಕೊಮ್ಮೆ ಸೇರಿ ಎರಡು ತಾಸು ಹೆದರದೆ ಮಾತಾಡಲಿ ಎಂದು ಹುಟ್ಟಿದ ಸಂಘ ಅದು. ಹೆದರಿಕೆಯನ್ನು ಹೊರಗಿಡುವ ಹೊಣೆ ಕಾರ್ಯದರ್ಶಿಯಾದ ಈ ನಿವೃತ್ತ ಗಣಿತದ ಮೇಷ್ಟ್ರದು. ಕಟ್ಟಡದ ಮಾಲೀಕನ ಕಣ್ಣಿಗೆ ಮಣ್ಣೆರಚಲು ಬಾಗಿಲಿಗೆ ‘ಹೊಲಿಗೆ ತರಗತಿ’ ಎಂದು ಬೋರ್ಡು ಹಾಕಿದವರೂ ಅವರೇ, ಹಳೆಯ ಹೊಲಿಗೆ ಯಂತ್ರವೊಂದನ್ನು ತಂದು ಕಿಟಕಿಯ ಪಕ್ಕ ಇಟ್ಟವರೂ ಅವರೇ. ಅದರ ಮೇಲೆ ಚಹಾದ ಫ್ಲಾಸ್ಕು ಚೆನ್ನಾಗಿ ಕೂರುತ್ತಿತ್ತು. ಅಪರಿಚಿತರು ಬಂದರೆ ಬಾಗಿಲನ್ನು ನಾಲ್ಕು ಬೆರಳಷ್ಟೇ ತೆರೆದು “ಹೊಲಿಗೆ ಬರುತ್ತಾ?” ಎಂದು ಕೇಳುವುದು, ಇಲ್ಲ ಎಂದರೆ “ಇಲ್ಲಿ ಬರೋರಿಗೆ ಮಾತ್ರ” ಎಂದು ಮುಚ್ಚುವುದು. ನೆಗಡಿ ಬಂದೀತೆಂದು ಮೊದಲೇ ಮೂಗು ಕೊಯ್ದುಕೊಳ್ಳುವ ಈ ಏರ್ಪಾಡಿನ ಬಗ್ಗೆ ಮೇಷ್ಟ್ರಿಗೆ ಬಲು ಹೆಮ್ಮೆ.

ಹೊರಗೆ ಬಸ್ ಕಂಡಕ್ಟರ್ ಸಮವಸ್ತ್ರದ ಹೆಂಗಸೊಬ್ಬಳು ನಿಂತಿದ್ದಳು.

“ಹೊಲಿಗೆ ಬರುತ್ತಾ?”

“ಬರುತ್ತೆ ಸಾರ್.”

ಹದಿಮೂರು ವರ್ಷಗಳಲ್ಲಿ ಈ ಉತ್ತರ ಯಾರೂ ಕೊಟ್ಟಿರಲಿಲ್ಲ. ಮುಂದಿನ ಪ್ರಶ್ನೆಯನ್ನು ಮೇಷ್ಟ್ರು ಸಿದ್ಧ ಮಾಡಿರಲೇ ಇಲ್ಲ. ಅವರು ತಡವರಿಸುವಷ್ಟರಲ್ಲಿ ಆಕೆ ಒಳಗೆ ಬಂದು ಚೀಲದಿಂದ ಒಂದು ಅಂಗಿ ತೆಗೆದಳು.

“ಹೋದ ವರ್ಷ ಬಂದಿದ್ದೆ ಸಾರ್. ಹೊಲಿಗೆ ಬರಲ್ಲ ಅಂದೆ, ಬಾಗಿಲು ಹಾಕ್ಕೊಂಡ್ರಿ. ನಮ್ಮಂಥೋರು ಇಲ್ಲಿ ಸೇರ್ತಾರೆ ಅಂತ ಆಸ್ಪತ್ರೆ ನರ್ಸಮ್ಮ ವಿಳಾಸ ಬರೆದುಕೊಟ್ಟಿದ್ರು. ಇದಕ್ಕೂ ಪರೀಕ್ಷೆ ಇರುತ್ತೆ ಅಂತ ನಂಗೇನ್ ಗೊತ್ತು? ಡ್ಯೂಟಿ ಮುಗಿಸ್ಕೊಂಡು ಎಂಟು ತಿಂಗಳು ಕಲ್ತೆ. ಕಾಲರ್ ಸ್ವಲ್ಪ ಸೊಟ್ಟ ಬಂದಿದೆ. ನಡಿಯುತ್ತಾ?”

ಅಂಗಿ ಕೈಯಿಂದ ಕೈಗೆ ಹೋಯಿತು. ಒಂದೇ ಮನೆಯಲ್ಲಿ ಜೋಡಿಯಾಗಿ ಬಾಳುವೆ ಮಾಡುವ ಲೈಬ್ರರಿಯ ಅಕ್ಕಂದಿರಿಬ್ಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪರಿಣತರಂತೆ ತಲೆದೂಗಿದರು. ಅದನ್ನು ತಲೆಕೆಳಗಾಗಿ ಹಿಡಿದಿದ್ದರು ಅಷ್ಟೆ. ಮೇಷ್ಟ್ರಿಗೆ ಹೋದ ವರ್ಷ ನಡಾವಳಿ ಪುಸ್ತಕದಲ್ಲಿ ತಾವೇ ಬರೆದ ಸಾಲು ನೆನಪಾಯಿತು: ‘ಅಪರಿಚಿತ ಮಹಿಳೆಯೊಬ್ಬರನ್ನು ಜಾಣ್ಮೆಯಿಂದ ಸಾಗಹಾಕಲಾಯಿತು. ಚಪ್ಪಾಳೆ.’

“ಇರಿ, ಈಗಲೇ ಸರಿಮಾಡ್ತೀನಿ,” ಎಂದು ಆಕೆ ಫ್ಲಾಸ್ಕು ಎತ್ತಿ ಪಕ್ಕಕ್ಕಿಟ್ಟು ಯಂತ್ರದ ಮುಂದೆ ಕುಳಿತಳು. “ಇದಕ್ಕೆ ಸೂಜಿನೇ ಇಲ್ವಲ್ಲ ಸಾರ್!”

ಸೂಜಿ ಬಿದ್ದರೂ ಕೇಳಿಸುವಂಥ ಮೌನ. ಬೀಳಲು ಆ ಕೋಣೆಯಲ್ಲಿ ಒಂದು ಸೂಜಿಯೂ ಇರಲಿಲ್ಲ.

“ನಮ್ಮಲ್ಲಿ ಯಾರಿಗೂ ಹೊಲಿಗೆ ಬರಲ್ಲ ಕಣಮ್ಮ,” ಎಂದ ಎಲೆಕ್ಟ್ರಿಷಿಯನ್. ಇಪ್ಪತ್ತೆರಡು ವರ್ಷದಿಂದ ಮೇಷ್ಟ್ರ ಸಂಗಾತಿ, ಮಾಲೀಕನ ಲೆಕ್ಕದಲ್ಲಿ ಮಾತ್ರ ಅವರ ಚಿಕ್ಕಪ್ಪನ ಮಗ. “ಇವರ ಗುಂಡಿ ಕಿತ್ತುಹೋದ್ರೂ ನಾವು ಪಿನ್ನೇ ಹಾಕೋದು.”

ಆಕೆ ಮೊದಲು ನಕ್ಕಳು. ನಗುತ್ತಾ ನಗುತ್ತಾ ಅದೇ ಸೊಟ್ಟ ಕಾಲರಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನಗು ನಿಂತರೂ ಒರೆಸಿಕೊಳ್ಳುವುದು ನಿಲ್ಲಲಿಲ್ಲ. “ದಿನಕ್ಕೆ ಸಾವಿರ ಜನರ ಹತ್ರ ಮಾತಾಡ್ತೀನಿ ಸಾರ್. ನನ್ನ ಮಾತು ಆಡೋಕೆ ಒಬ್ಬರೂ ಇರಲಿಲ್ಲ.”

ಅಕ್ಕಂದಿರು ಅವಳ ಎರಡೂ ಪಕ್ಕ ಬಂದು ಕುಳಿತರು. ಎಲೆಕ್ಟ್ರಿಷಿಯನ್ ಚಹಾ ಬಗ್ಗಿಸಿ ಕೊಟ್ಟ. ಆಮೇಲೆ ಯಾರನ್ನೂ ಕೇಳದೆ ಮೇಷ್ಟ್ರ ಕೈಯಿಂದ ಠರಾವಿನ ಹಾಳೆ ಕಿತ್ತುಕೊಂಡು ಲೋಟದ ಅಡಿಗೆ ಇಟ್ಟ.

ಚಹಾ ಅರ್ಧ ಕುಡಿದವಳು ತಲೆ ಎತ್ತಿದಳು. “ಅಲ್ಲ ಸಾರ್, ನಾನೇನೋ ಹಟಮಾರಿ, ಕಲ್ತು ಬಂದೆ. ಹೊಲಿಗೆ ಬರಲ್ಲ ಅಂತ ನಿಜ ಹೇಳಿ ಹಂಗೇ ವಾಪಸ್ ಹೋದೋರು ಎಷ್ಟು ಜನ?”

ಮೇಷ್ಟ್ರು ನಡಾವಳಿ ಪುಸ್ತಕ ಮುಚ್ಚಿ, ಅದರ ಮೇಲೆ ಎರಡೂ ಅಂಗೈ ಒತ್ತಿ ಕುಳಿತರು. ಒಬ್ಬೊಬ್ಬರು ಬಂದುಹೋದ ತಾರೀಖೂ ಅದರಲ್ಲಿತ್ತು, ಚಪ್ಪಾಳೆಯ ಸಮೇತ.