ಸಾಲಿನ ಆಚೆ ಬದಿ

ಬೆಳಿಗ್ಗೆ ತೋಟಕ್ಕೆ ಬಂದ ಕೂಡಲೇ ಹದಿನೇಳು ಹೆಂಗಸರು ಎಂಟು ಸಾಲು ಹಿಡಿದು ನಿಂತರು. ಒಂಬತ್ತನೆಯ ಸಾಲು ನೀಲಮಳ ಒಬ್ಬಳ ಪಾಲಿಗೆ ಉಳಿಯಿತು. ದ್ರಾಕ್ಷಿಯ ಗೊಂಚಲು ಸಡಿಲಿಸುವ ಕೆಲಸಕ್ಕೆ ಸಾಲಿಗೆ ಇಬ್ಬರು, ಬಳ್ಳಿಯ ಈಚೆಗೊಬ್ಬಳು, ಆಚೆಗೊಬ್ಬಳು. ಒತ್ತಾಗಿ ಬೆಳೆದ ಕಾಯಿಗಳನ್ನು ಚಿಕ್ಕ ಕತ್ತರಿಯಿಂದ ಕತ್ತರಿಸುತ್ತ ಇಬ್ಬರೂ ಸಮಕ್ಕೆ ಸಮ ಮುಂದೆ ಸಾಗಬೇಕು. ಬಾಯಿ ಮುಚ್ಚಿಕೊಂಡು ಮಾಡುವ ಕೆಲಸವಂತೂ ಅಲ್ಲ ಅದು. ಅತ್ತೆಯ ಕಾಟದಿಂದ ಹಿಡಿದು ಟಿವಿ ಧಾರಾವಾಹಿಯವರೆಗೆ ಎಲ್ಲವೂ ಎಲೆಗಳ ಸಂದಿಯಲ್ಲಿ ಆಚೀಚೆ ದಾಟುತ್ತಿರುತ್ತದೆ. ಮೂರು ವರ್ಷದಿಂದ ನೀಲಮಳ ಆಚೆ ಬದಿಗೆ ಸಪನಾ ಇರುತ್ತಿದ್ದಳು. ಈಗ ಹನ್ನೊಂದು ದಿನದಿಂದ ಅವಳು ಸಕ್ಕುಬಾಯಿಯ ಸಾಲಿನಲ್ಲಿ ಮೂರನೆಯವಳಾಗಿ ತೂರಿಕೊಂಡು, ಇಬ್ಬರ ಕೆಲಸಕ್ಕೆ ಅಡ್ಡಡ್ಡ ಬರುತ್ತಿದ್ದಳು. ಆದರೂ ಯಾರೂ ಅವಳನ್ನು ಆ ಕಡೆ ಹೋಗೆನ್ನಲಿಲ್ಲ.

ನಡೆದದ್ದು ಇಷ್ಟೇ. ಸುಧೀರನ ಜೊತೆ ನೀಲಮಳ ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಮುಗಿದು ಲಗ್ನದ ದಿನ ಗೊತ್ತಾಗಿತ್ತು. "ಹ್ಯಾಂಗೂ ಲಗ್ನ ಆಗೂದೈತಲ್ಲ" ಎಂದು ಅವನು ವಾರಗಟ್ಟಲೆ ಕಾಡಿ ಬೇಡಿ ಮೊಬೈಲಿಗೆ ಅವಳದೊಂದು ಫೋಟೋ ತರಿಸಿಕೊಂಡ. ಅವನೊಬ್ಬನನ್ನು ನಂಬಿ ತೆಗೆದುಕೊಂಡ ಫೋಟೋ ಅದು, ಇನ್ನೊಬ್ಬರ ಕಣ್ಣಿಗೆ ಬೀಳಬಾರದ್ದು. ಮುಂದೊಂದು ದಿನ ಕುಡಿದು ಬಂದು ಕೈ ಎತ್ತಿದ. ನೀಲಮ ಲಗ್ನವೇ ಬೇಡ ಎಂದಳು. ಎರಡೇ ದಿನದಲ್ಲಿ ಆ ಫೋಟೋ ಊರ ಗಂಡಸರ ಗ್ರೂಪಿನಲ್ಲಿ ಬಂತು. ಹಾಕಿದವನು ಅಥಣಿಯ ಚಹಾದಂಗಡಿಯಲ್ಲಿ ಇವತ್ತಿಗೂ ಕಾಲ ಮೇಲೆ ಕಾಲು ಹಾಕಿ ಕೂರುತ್ತಾನೆ. ಊರು ದೂರ ಇಟ್ಟದ್ದು ಇವಳನ್ನು.

ಮಧ್ಯಾಹ್ನ ಎಲ್ಲರೂ ಶೆಡ್ಡಿನ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ನೀಲಮ ತನ್ನ ಗಂಟು ಬಿಚ್ಚದೆ ಬಂದು ಎದುರಿಗೆ ನಿಂತಳು.

"ನಿನ್ನಿ ಪೊಲೀಸ್ ಸ್ಟೇಶನ್ನಿಗೆ ಹೋಗಿದ್ದೆ," ಅಂದಳು. "ಫೋಟೋ ಬಂದಿದ್ದ ಒಂದು ಮೊಬೈಲ್ ಬೇಕಂತ. ಯಾರರ ಒಬ್ರು ಬಂದು, ಹೌದು ನಮಗ ಬಂದೈತಿ, ನಾವು ನೋಡೇವಿ ಅಂದ್ರ ಕೇಸ್ ಬರಕೋತೀವಿ ಅಂದ್ರು. ನನ್ನ ಮೊಬೈಲ್‌ನಾಗಿಂದು ನಾ ಆವಾಗ ಅಳಿಸೇನಿ. ನಾಳೆ ಒಬ್ರು ನನ್ನ ಜೋಡಿ ಬರ್ರಿ. ಇಷ್ಟ ಬೇಡಕೋತೀನಿ."

ಯಾರೂ ಅಗಿಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಗಿರಿಜವ್ವ ಕಣ್ಣರಳಿಸಿದಳು. "ಯಾವ ಫೋಟೋ ಯವ್ವಾ? ನಮ್ಮನ್ಯಾಗ ಇರೂದು ಬಟನ್ ಫೋನು. ಅದರಾಗ ಫೋಟೋ ಎಲ್ಲಿಂದ ಬರಬೇಕು?" ಅವಳ ಮಗ ಭರತನ ದೊಡ್ಡ ಮೊಬೈಲು ಆಗ ಅವಳ ಬುತ್ತಿಯ ಪಕ್ಕದಲ್ಲೇ ಹಾಡುತ್ತಿತ್ತು. ಅವಳು ಅದರ ಮೇಲೆ ಸೆರಗು ಎಳೆದಳು.

"ದುಡಕೊಂಡು ತಿನ್ನೂ ಮಂದಿ ನಾವು," ಅಂದಳು ಸಕ್ಕುಬಾಯಿ. "ಅಂಥಾದ್ದನ್ನೆಲ್ಲ ನೋಡಾಕ ನಮಗ ಪುರಸೊತ್ತರ ಎಲ್ಲೈತಿ?"

ಅಲ್ಲಿಂದ ಮುಂದೆ ಸುಲಭವಾಯಿತು. ನಾನೂ ಇಲ್ಲವಾ, ನಾನೂ ನೋಡಿಲ್ಲವಾ ಎಂದು ಮಾತು ಕೈಯಿಂದ ಕೈಗೆ ಉಪ್ಪಿನಕಾಯಿಯ ಡಬ್ಬಿಯಂತೆ ಸುತ್ತು ಬಂತು. ನೀಲಮ ಸಪನಾಳ ಕಡೆ ತಿರುಗಿದಳು.

"ನೀನರ ಬಾ. ಮೊದಲು ಬಂದು ಹೇಳಿದಾಕಿನ ನೀನು. ಗಂಡನ ಮೊಬೈಲ್‌ನಾಗ ನೋಡಿ ಅಳಕೋತ ಓಡಿ ಬಂದಿದ್ದಿ."

"ನಾ ಎಲ್ಲಿ ನೋಡೇನಿ?" ಸಪನಾ ರೊಟ್ಟಿಯ ತುಂಡನ್ನು ಮುರಿದು ಮುರಿದು ಪುಡಿ ಮಾಡುತ್ತಿದ್ದಳು. "ಮಂದಿ ಅಂದದ್ದನ್ನ ನಿನಗ ಹೇಳಿದ್ದೆ, ಅಷ್ಟ." ಆಮೇಲೆ ದನಿ ತಗ್ಗಿಸಿ, "ನನ್ನ ಸಂಸಾರ ಕೆಡಸಬ್ಯಾಡ ನೀಲೂ. ನನ್ನ ಗಂಡನ ಹೆಸರು ಹೊರಗ ಬಂದ್ರ ನನ್ನ ಮನಿ ಬಿಟ್ಟು ಓಡಸ್ತಾನ" ಅಂದಳು.

ಅದು ಸುಳ್ಳಲ್ಲ ಎಂದು ನೀಲಮಳಿಗೆ ಗೊತ್ತಿತ್ತು. ಸಪನಾಳ ಗಂಡನ ಕೈ ಎಂಥದ್ದೆಂದು ಬಳ್ಳಿಯ ಆಚೆಯಿಂದ ಅವಳೇ ಎಷ್ಟೋ ಸಲ ಹೇಳಿಕೊಂಡು ಅತ್ತಿದ್ದಳು. ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ಫೋಟೋ ಹರಿದಾಡಿದ ದಿನವೂ ಅವಳಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಅವತ್ತು ಇಡೀ ಊರು ಎದುರಿಗಿತ್ತು. ಇವತ್ತು ಎಲ್ಲರೂ ಇಲ್ಲವೆಂದ ಮೇಲೆ, ಕೇಳೋಣವೆಂದರೂ ಎದುರಿಗೆ ಯಾರೂ ಇರಲಿಲ್ಲ.

ಊಟ ಮುಗಿಸಿ ಹೆಂಗಸರು ಮತ್ತೆ ಸಾಲುಗಳಿಗೆ ಹೋದರು. ಸಪನಾ ಸಕ್ಕುಬಾಯಿಯ ಹಿಂದೆಯೇ ಹೋಗಿ ನಿಂತಳು. ಕತ್ತರಿಗಳು ಶುರುವಾದವು. ನೀಲಮ ಮಾತ್ರ ತನ್ನ ಸಾಲಿನ ತಲೆಯಲ್ಲಿ ಕತ್ತರಿ ಎತ್ತದೆ ನಿಂತಿದ್ದಳು. ಆಮೇಲೆ ಇಡೀ ತೋಟಕ್ಕೆ ಕೇಳುವಂತೆ ಕೂಗಿದಳು.

"ಸಕ್ಕುಬಾಯಿ ಅತ್ತೀ, ನೀವು ನೋಡಿಲ್ಲ. ಗಿರಿಜವ್ವ ಕಾಕು, ನೀವೂ ನೋಡಿಲ್ಲ. ಸಪನಾ, ನೀನೂ ನೋಡಿಲ್ಲ. ಭಾಳ ಚೊಲೋ ಆತು." ಅವಳು ಇನ್ನೂ ದನಿ ಎತ್ತಿದಳು. "ಯಾರೂ ಏನೂ ನೋಡೇ ಇಲ್ಲಂದ್ರ, ನನ್ನ ಸಾಲಿಗೆ ಆಚೀಕಡೆ ಯಾಕ ಯಾರೂ ನಿಲ್ಲವಲ್ರಿ?"

ಎಂಟೂ ಸಾಲಿನಲ್ಲಿ ಕತ್ತರಿಗಳು ನಿಂತವು. ಸಕ್ಕುಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಸಪನಾ ಒಂದು ಹೆಜ್ಜೆ ಈಚೆ ಇಟ್ಟು, ಸುತ್ತ ನೋಡಿ, ಅಲ್ಲೇ ನಿಂತಳು.

ಸ್ವಲ್ಪ ಹೊತ್ತಿಗೆ ತೋಟದ ಆ ತುದಿಯಲ್ಲಿ ಒಂದು ಕತ್ತರಿ ಟಕ್ ಎಂದಿತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲು ಸಾಲಾಗಿ ಎಲ್ಲವೂ. ಕಟ್ಟಕಡೆಗೆ ಸಪನಾಳದು.