ನೋಯಲೇ ಇಲ್ಲ

"ನಿಮ್ಮ ಮಗನ ಮೂಳೆಮಜ್ಜೆ ಅಕ್ಕನಿಗೆ ಹೊಂದುತ್ತೆ, ಆದ್ರೆ ತಗೊಳ್ಳೋಕಾಗಲ್ಲ ಪಿಳ್ಳಪ್ಪನವ್ರೇ," ಎಂದರು ಡಾಕ್ಟರು. "ಹುಟ್ಟಿನಿಂದ್ಲೇ ಇವನ ಜೀವಕೋಶಗಳಲ್ಲಿ ಒಂದು ಕ್ರೋಮೋಸೋಮ್ ಜಾಸ್ತಿ. ಇವನ ಮಜ್ಜೆಯ ಸ್ಟೆಮ್ ಸೆಲ್ ಅವಳ ಮೈ ಸೇರಿದ್ರೆ, ಅದೇ ಇನ್ನೊಂದು ಕ್ಯಾನ್ಸರ್ ಆಗ್ಬಹುದು."

ರಕ್ತದ ಕ್ಯಾನ್ಸರಿನಿಂದ ಮಲಗಿದ್ದ ಮಗಳು ಚೈತ್ರಳಿಗೆ ಬೇರೆ ಯಾರದೂ ಹೊಂದಿರಲಿಲ್ಲ.

ಮೀಸೆ ಬಂದರೂ ಮಗುವಿನಂತೆಯೇ ಉಳಿದಿದ್ದ ಬೈರೇಶ ಆಗಲೇ ಅಂಗಿ ಎತ್ತಿಕೊಂಡು ಮಂಚದ ಮೇಲೆ ಬೋರಲು ಮಲಗಿದ್ದ. "ಚುಚ್ಚಿ ಸಿಸ್ಟರ್, ನಾನ್ ಅಳಲ್ಲ. ನಮ್ಮಕ್ಕನೇ ಪುಕ್ಲಿ."

ಪಿಳ್ಳಪ್ಪ ಮಂಚದ ಪಕ್ಕಕ್ಕೆ ಬಂದ. ಟ್ರೇಯಲ್ಲಿದ್ದ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮಗನ ಸೊಂಟಕ್ಕೆ ಒತ್ತಿ ಹಿಡಿದ. ನರ್ಸು ಸೂಜಿಯನ್ನು ಪಕ್ಕಕ್ಕಿಟ್ಟಳು.

"ಆಯ್ತೇನಪ್ಪಾ?"

"ಆಯ್ತು ಕಣಪ್ಪ."

"ನೋಯ್ಲೇ ಇಲ್ಲ!" ಬೈರೇಶ ಎದ್ದು ಕೂತ. "ನಡಿ, ಅಕ್ಕನ್ನ ಕರ್ಕೊಂಡು ನಮ್ಮೂರ್ ಜಡಿಗೇನಹಳ್ಳಿ ಬಸ್ ಹತ್ತಣ."