ನೆರಳಿಗಿಟ್ಟ ಹೂಗುಚ್ಛ

ಬೇಸಗೆ ಮುಗಿಯುತ್ತ ಬಂದ ಆಗಸ್ಟ್ ತಿಂಗಳ ಕೊನೆಯ ಬುಧವಾರ, ಬೆಳಗಿನ ಏಳು ಗಂಟೆ. ಹಾಳುಬಿದ್ದ ಕಲ್ಲುಗಣಿಯ ಸುತ್ತ ಜೀರುಂಡೆಗಳು ಆಗಲೇ ಕಿವಿ ತೂತು ಬೀಳುವಂತೆ ಅರಚುತ್ತಿದ್ದವು. ಮೇಕಪ್ ವ್ಯಾನಿನ ಹಿಂದೆ ಒಂದು ಬಕೆಟ್ಟು, ಅದರಲ್ಲೊಂದು ಹೂಗುಚ್ಛ ಬಿಸಿಲಿಗೆ ಬಿದ್ದಿತ್ತು. ಚಿಹೋ ಅದನ್ನು ನೆರಳಿಗೆ ಎಳೆದಿಟ್ಟು, ತನ್ನ ಬಾಟಲಿಯ ನೀರನ್ನೇ ಸುರಿದಳು. ಯಾರದಾದರೂ ಪಾತ್ರ ಮುಗಿದ ದಿನವೇ ಶೂಟಿಂಗಿನಲ್ಲಿ ಹೂ ಬರುವುದು. ಇವತ್ತು ಹಿರಿಯ ನಟ ಹಿದಾ ಅವರ ಪಾಳಿ ಎಂದುಕೊಂಡಳು.

"ಹಿದಾ ಸಾನ್, ಅಂತೂ ನನ್ನ ಕಾಟ ತಪ್ತು ನಿಮಗೆ! ಹೂ ಬಂದಿದೆ, ನೋಡಿದೆ."

ಅನ್ನದ ಉಂಡೆ ತಿನ್ನುತ್ತಿದ್ದ ಹಿದಾ ಅಗಿಯುವುದನ್ನು ನಿಲ್ಲಿಸಿದರು. ಅವಳ ಮುಖ ನೋಡಲಿಲ್ಲ. "ಬಿಸಿಲು ಜೋರಿದೆ, ನೀರು ಕುಡಿಯಮ್ಮ," ಎಂದಷ್ಟೇ ಅಂದರು.

ಹದಿನೇಳನೆಯ ವಯಸ್ಸಿಗೇ ಫ್ಯಾಷನ್ ಪತ್ರಿಕೆಗಳ ಮುಖಪುಟದಲ್ಲಿ ಹೊಸ ಹೊಸ ಬಟ್ಟೆ ತೊಟ್ಟು ರೂಪದರ್ಶಿಯಾಗಿ ನಿಂತವಳು ಚಿಹೋ. ಆಮೇಲೆ ಸಿಕ್ಕ ಸಿನಿಮಾಗಳೆಲ್ಲ ಮಾಂಗಾ ಎಂಬ ಚಿತ್ರಕಥೆಯ ಪುಸ್ತಕಗಳಿಂದ ಎತ್ತಿದವೇ. ಪುಸ್ತಕ ಓದಿದವರು ಪ್ರತಿ ಸಲವೂ, "ಬಟ್ಟೆ ನೇತುಹಾಕೋ ಮೊಳೆಗೆ ಅಭಿನಯ ಬರುತ್ತಾ?" ಎಂದು ಆಡಿಕೊಂಡರು. ಈ ಸಲ ಅವರ ಬಾಯಿ ಮುಚ್ಚಿಸುವುದಿತ್ತು. ಅವಳ ಪಾತ್ರವಾದ ರೆಂಕಾ ಎಂಬ ಬೇಟೆಗಾತಿ ಕಡೆಯಲ್ಲಿ ಮುಖವಾಡ ಕಳಚಿ, ತಮ್ಮನ ಹೆಣದ ಮುಂದೆ ಅಳುತ್ತಾಳೆ. ನಾಳೆಯೇ ಆ ದೃಶ್ಯ. ಅದೊಂದಕ್ಕಾಗಿಯೇ ಬೇಸಗೆಯಿಡೀ ಮುಖವಾಡದೊಳಗೆ ಬೆಂದಿದ್ದಳು.

ಹನ್ನೊಂದರ ಹೊತ್ತಿಗೆ ಬಂಡೆಯ ಮೇಲಿಂದ ಓಡಿಬರುವ ದೃಶ್ಯ ಮುಗಿಯಿತು. ಸಹಾಯಕ ನಿರ್ದೇಶಕ ಸುಗಾನೊ ಗಂಟಲು ಹರಿಯುವಂತೆ ಕೂಗಿದ: "ರೆಂಕಾ ಪಾತ್ರದ ಚಿಹೋ ಸಾನ್ ಅವರ ಕೆಲಸ ಇಲ್ಲಿಗೆ ಸಂಪೂರ್ಣ!"

ಚಪ್ಪಾಳೆ ಬಿತ್ತು. ಮುಖವಾಡ ತೆಗೆಯುವಷ್ಟರಲ್ಲಿ ಹೂಗುಚ್ಛ ಅವಳ ಕೈಯಲ್ಲಿತ್ತು. ನೆರಳಲ್ಲಿದ್ದುದರಿಂದ ಒಂದು ಎಸಳೂ ಬಾಡಿರಲಿಲ್ಲ.

"ಸುಗಾನೊ ಸಾನ್, ಅಳೋ ಸೀನು?" ಪಿಸುಗುಟ್ಟಿದಳು.

"ಪೋಸ್ಟರ್ ನೋಡಿ ಓದುಗರು ಗಲಾಟೆ ಎಬ್ಬಿಸಿದ್ರಲ್ಲ, ಈ ಮುಖ ರೆಂಕಾಳದ್ದಲ್ಲ ಅಂತ. ಅದಕ್ಕೇ ಮುಖವಾಡ ತೆಗೆಯೋದು ಬೇಡ ಅಂದ್ರು ಮೇಲಿನವರು. ಹಾಕ್ಕೊಂಡೇ ಅಳ್ತಾಳೆ. ನಿಮ್ಮ ಬದಲು ಫೈಟಿಂಗ್ ಮಾಡೋ ಡೂಪ್ ಹುಡುಗಿನೇ ಮಾಡ್ತಾಳೆ ಬಿಡಿ."

"ಮತ್ತೆ ದನಿ?"

"ಅದಕ್ಕೂ ಬೇರೆಯವರು ಬರ್ತಾರೆ."

"ಯಾವಾಗ ಗೊತ್ತಾಯ್ತು?"

"ಹೋದ ವಾರ. ಎಲ್ಲಾ ಕಾಯ್ತಿದ್ದಾರೆ, ಎರಡು ಮಾತಾಡಿಬಿಡಿ."

ಚಿಹೋ ಹಿದಾ ಕಡೆ ನೋಡಿದಳು. ಅವರು ತಲೆ ತಗ್ಗಿಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಅವಳು ಸೊಂಟ ಬಾಗಿಸಿ ನಮಸ್ಕರಿಸಿದಳು. "ಎಲ್ಲರಿಂದ ತುಂಬ ಕಲಿತೆ. ನನ್ನಿಂದ ತೊಂದರೆಯಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ." ತಲೆಯೆತ್ತಿದಾಗ ಬಾಯಿ ಕ್ಯಾಮೆರಾಕ್ಕೆಂದು ನಗುತ್ತಲೇ ಇತ್ತು, ಕಣ್ಣು ಮಾತು ಕೇಳಲಿಲ್ಲ. ನೀರು ಕೆನ್ನೆಯ ಬಿಳಿಬಣ್ಣವನ್ನು ಸೀಳಿಕೊಂಡು ಗಲ್ಲದವರೆಗೂ ಇಳಿಯಿತು.

"ನೋಡ್ರಪ್ಪಾ," ಎಂದ ನಿರ್ದೇಶಕ, "ಎಷ್ಟು ಚೆನ್ನಾಗಿ ಅಳ್ತಾಳೆ!"

ಚಪ್ಪಾಳೆ ಇನ್ನೂ ಜೋರಾಯಿತು.

ಆ ಬುಧವಾರವೇ, ಮಧ್ಯಾಹ್ನದ ರೈಲಿಗೆ, ಹೂಗುಚ್ಛ ಹಿಡಿದು ಚಿಹೋ ಹೊರಟುಹೋದಳು. ಗುರುವಾರ ಅವಳ ಮುಖವಾಡ ತಮ್ಮನ ಹೆಣದ ಮುಂದೆ ಕೂತು ಅತ್ತಿತು.